ಪ್ರಳಯದ ಬಸ್ಸಿಗೆ ಕರ್ಚೀಫ್ ಹಾಕೋರು ಯಾರು?

ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವ ಮುಂಚೆಯೇ ಅದರ ಜೊತೆ ಓಡಿ, ಕಿಟಕಿಯೊಳಗೆ ಕರ್ಚೀಫ್ ಎಸೆದು ಸೀಟು ಹಿಡಿಯುವ ವಿದ್ಯೆ ನಿಮಗೂ ಗೊತ್ತು, ನನಗೂ ಗೊತ್ತು. ಯಾವ ಕಾಲೇಜಿನಲ್ಲೂ ಹೇಳಿಕೊಡದ ವಿದ್ಯೆ ಅದು. ಪಿ.ಯು.ಸಿ.ಯನ್ನು ಅರ್ಧಕ್ಕೇ ಬಿಟ್ಟ ನಾನು ಇದೊಂದರಲ್ಲಿ ಮಾತ್ರ ಡಿಸ್ಟಿಂಕ್ಷನ್! ಈ ವಿದ್ಯೆ ಬಲ್ಲವನಿಗೆ ಹಾಲಿವುಡ್ಡಿನ ಪ್ರಳಯದ ಪಿಚ್ಚರುಗಳು ಅರ್ಥವಾಗೋಕೆ ಇಂಗ್ಲಿಷ್ ಬೇಕಿಲ್ಲ ಸ್ವಾಮಿ. ಯಾಕೆ ಅಂತ ಹೇಳ್ತೀನಿ, ಬಸ್ಸು ಬರೋ ತನಕ ಓದಿ.

ನಾನು ನೋಡಿದ ಮೊದಲ ಪ್ರಳಯದ ಪಿಚ್ಚರ್ ‘2012’. ರೋಲಂಡ್ ಎಮರಿಕ್ ನಿರ್ದೇಶಿಸಿದ ಆ ಚಿತ್ರ ತೆರೆ ಕಂಡಿದ್ದು 2009ರ ನವೆಂಬರಿನಲ್ಲಿ. ನಮ್ಮೂರ ಟಾಕೀಸಿಗೆ ಬಂದಾಗ ಅದು ಹಿಂದಿಯಲ್ಲಿ ಮಾತಾಡುತ್ತಿತ್ತು. ಆಗಿನ್ನೂ ಕನ್ನಡಕ್ಕೆ ಡಬ್ಬಿಂಗ್ ಇರಲಿಲ್ಲವಲ್ಲ. ನಮ್ಮ ಹುಡುಗರಿಗೆ ಹಿಂದಿ ಅರ್ಧಂಬರ್ಧ. ಆದರೆ ಲಾಸ್ ಏಂಜಲೀಸ್ ಅನ್ನೋ ಇಡೀ ಊರು ತಟ್ಟೆಯಿಂದ ಅನ್ನ ಜಾರಿದ ಹಾಗೆ ಸಮುದ್ರಕ್ಕೆ ಜಾರೋದಕ್ಕೆ ಯಾವ ಭಾಷೆ ಬೇಕು? ರಸ್ತೆ ಬಾಯಿ ಬಿಡುತ್ತಿದೆ, ಹೀರೋ ಉದ್ದನೆಯ ಕಾರು ಓಡಿಸುತ್ತಿದ್ದಾನೆ, ಹಿಂದಿನಿಂದ ಕಟ್ಟಡಗಳು ಬೀಳುತ್ತಿವೆ. ಗಾಂಧಿ ಕ್ಲಾಸಿನಲ್ಲಿ ಒಂದೇ ಕೂಗು, ‘ಹೊಡಿ ಗುರೂ, ಗೇರ್ ಹಾಕು!’ ಆಮೇಲೆ ಸಮುದ್ರದ ಅಲೆ ಒಂದು ಯುದ್ಧದ ಹಡಗನ್ನೇ ಎತ್ತಿಕೊಂಡು ಬಂದು ಅಮೆರಿಕದ ಅಧ್ಯಕ್ಷರ ಶ್ವೇತಭವನದ ಮೇಲೆ ಹಾಕಿತು ನೋಡಿ... ಅಬ್ಬಾ! ಆವತ್ತಿನ ಶಿಳ್ಳೆ ನಮ್ಮೂರ ಯಾವ ಹೀರೋ ಎಂಟ್ರಿಗೂ ಬಿದ್ದಿರಲಿಲ್ಲ.

ರಾತ್ರಿ ಮನೆಗೆ ಬಂದು ಅಜ್ಜಿಗೆ ಕಥೆ ಹೇಳಿದೆ. ಪ್ರಪಂಚ ಮುಳುಗುತ್ತಂತೆ ಕಣಜ್ಜಿ ಅಂದೆ. ಅಜ್ಜಿ ಅಡಿಕೆ ಕತ್ತರಿಸುತ್ತಾ, ‘ಒಂದ್ಸಲ ಮುಳುಗಿತ್ತು ಬಿಡೋ’ ಅಂದಳು. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟ ಅಂತ ದೇಶಕ್ಕೆ ದೇಶವೇ ನಡುಗಿತ್ತು. ಎಲ್ಲೆಲ್ಲೂ ಹೋಮ, ಭಜನೆ. ‘ಹೆಂಗೂ ಸಾಯ್ತೀವಲ್ಲ ಅಂತ ಹಟ್ಟೀಲಿದ್ದ ಕೋಳಿಯೆಲ್ಲಾ ಕೊಯ್ದು ತಿಂದ್ವಿ. ಮಾರನೇ ದಿನ ಬೆಳಗಾಯ್ತು. ನಾವಿದ್ವಿ, ಕೋಳಿ ಇರಲಿಲ್ಲ.’ ಅಜ್ಜಿಯ ಈ ಒಂದು ಮಾತಿನಲ್ಲಿ ಎಮರಿಕ್ ಸಾಹೇಬನ ಮೂರು ಪಿಚ್ಚರಿಗಾಗುವ ಸರಕಿದೆ.

ನಾನು ಮಾತ್ರ ಪಾಠ ಕಲಿಯಲಿಲ್ಲ. 2012ರ ಡಿಸೆಂಬರ್ 21ಕ್ಕೆ ಮಾಯನ್ ಕ್ಯಾಲೆಂಡರ್ ಮುಗಿಯುತ್ತೆ, ಜೊತೆಗೆ ಭೂಮಿಯೂ ಮುಗಿಯುತ್ತೆ ಅಂತ ಟಿ.ವಿ.ಯವರು ದಿನಾ ಹೇಳುತ್ತಿದ್ದರು. ನನಗೆ ಆ ವರ್ಷ ಎಸ್ಸೆಸ್ಸೆಲ್ಸಿ. ಮಾರ್ಚಿನಲ್ಲಿ ಪರೀಕ್ಷೆ, ಡಿಸೆಂಬರಿನಲ್ಲೇ ಪ್ರಳಯ, ಓದಿ ಏನುಪಯೋಗ? ಗಣಿತ ಬಿಟ್ಟೆ. ಡಿಸೆಂಬರ್ 22 ಬಂತು, ಅಜ್ಜಿಯ ಕೋಳಿಯ ಹಾಗೆ ನನ್ನ ಗಣಿತವೂ ಹೋಯಿತು. ಹೇಗೋ ಪಾಸಾಗಿ ಪಿ.ಯು.ಸಿ.ಗೆ ಸೇರಿದೆ, ಮುಂದಿನದು ನಿಮಗೆ ಗೊತ್ತೇ ಇದೆ.

ಕೋಲಾರದ ನೆಲದಡಿಯ ನಿಜ

‘2012’ ಚಿತ್ರದ ಶುರು ಎಲ್ಲಿ ಅಂತ ನೆನಪಿದೆಯಾ? ಅಮೆರಿಕದಲ್ಲಲ್ಲ, ನಮ್ಮ ಭಾರತದಲ್ಲಿ! ಒಂದು ತಾಮ್ರದ ಗಣಿ. ಅದರ ತಳದಲ್ಲಿ ಪ್ರಯೋಗಾಲಯ. ಅಲ್ಲಿ ಸತ್ನಾಮ್ ಎಂಬ ಭಾರತೀಯ ವಿಜ್ಞಾನಿ ಮೊದಲು ಕಂಡುಹಿಡಿಯುತ್ತಾನೆ. ಸೂರ್ಯನಿಂದ ಬರುವ ನ್ಯೂಟ್ರಿನೋ ಕಣಗಳು ಭೂಮಿಯ ಒಡಲನ್ನು ಕಾಯಿಸುತ್ತಿವೆ, ನೀರು ಕುದಿಯುತ್ತಿದೆ, ಇನ್ನು ಉಳಿಗಾಲವಿಲ್ಲ ಅಂತ.

ವಿಜ್ಞಾನದ ಲೆಕ್ಕದಲ್ಲಿ ಇದು ಶುದ್ಧ ಬುರುಡೆ. ನ್ಯೂಟ್ರಿನೋ ಅಷ್ಟು ಸಾಧು ಕಣ ಬೇರೆ ಇಲ್ಲ. ನೀವು ಈ ಸಾಲು ಓದುವಾಗಲೂ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6000 ಕೋಟಿ ನ್ಯೂಟ್ರಿನೋಗಳು ಹಾದುಹೋಗುತ್ತಿವೆ. ಕಾಯುವುದಿರಲಿ, ಕಚಗುಳಿಯೂ ಆಗಲ್ಲ. ಆದರೆ ಗಣಿಯೊಳಗಿನ ಪ್ರಯೋಗಾಲಯ ಬುರುಡೆಯಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 7600 ಅಡಿ ಆಳದಲ್ಲಿ, ಅಂಥದ್ದೊಂದು ನಿಜವಾಗಿಯೂ ಇತ್ತು. ಬೊಂಬಾಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್, ಈ ಮೂರೂ ಕಡೆಯ ವಿಜ್ಞಾನಿಗಳು ಸೇರಿ 1965ರಲ್ಲಿ ಅಲ್ಲಿ ನ್ಯೂಟ್ರಿನೋಗಳ ಸುಳಿವು ಹಿಡಿದರು. ಗಾಳಿಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲೇ ಮೊದಮೊದಲು ಗುರುತಿಸಿದವರ ಸಾಲಿನಲ್ಲಿ ಅವರಿದ್ದಾರೆ. ಆ ತಂಡದಲ್ಲಿ ನಮ್ಮ ಕನ್ನಡಿಗ ಬಿ.ವಿ. ಶ್ರೀಕಂಠನ್ ಅವರೂ ಇದ್ದರು. 2018ರಲ್ಲಿ ‘ಕೆ.ಜಿ.ಎಫ್.’ ನೋಡಿ ಶರ್ಟು ಹರಿದುಕೊಂಡ ನಮ್ಮಲ್ಲಿ ಎಷ್ಟು ಜನಕ್ಕೆ ಈ ಕೆ.ಜಿ.ಎಫ್. ಗೊತ್ತು? ಗಣಿ 2001ರಲ್ಲಿ ಮುಚ್ಚಿತು.

ಇರಲಿ, ಸತ್ನಾಮ್ ವಿಷಯಕ್ಕೆ ಬರೋಣ. ಪ್ರಳಯ ಬರುತ್ತೆ ಅಂತ ಮೊದಲು ಹೇಳಿದವನು ಅವನು. ಅವನ ಮಾತು ಕೇಳಿ ದೊಡ್ಡ ದೇಶಗಳು ಗುಟ್ಟಾಗಿ ಹಿಮಾಲಯದಲ್ಲಿ ದೈತ್ಯ ಹಡಗುಗಳನ್ನು ಕಟ್ಟಿಸುತ್ತವೆ. ಟಿಕೆಟ್ ಎಷ್ಟು? ತಲೆಗೆ 100 ಕೋಟಿ ಯೂರೋ! ಆನೆಗಳನ್ನು, ಜಿರಾಫೆಗಳನ್ನು ಹೆಲಿಕಾಪ್ಟರಿನಲ್ಲಿ ತೂಗುಹಾಕಿ ತರುತ್ತಾರೆ. ಇಂಗ್ಲೆಂಡಿನ ರಾಣಿ ತಮ್ಮ ನಾಯಿಗಳ ಸಮೇತ ಹತ್ತುತ್ತಾರೆ. ನಾಯಿಗೂ ಸೀಟಿದೆ ಸ್ವಾಮಿ. ಸತ್ನಾಮನನ್ನು ಕರೆದೊಯ್ಯಲು ಬರಬೇಕಾದ ವಿಮಾನ ಮಾತ್ರ ಬರುವುದಿಲ್ಲ. ಹೆಂಡತಿ, ಮಗನ ಜೊತೆ ನಿಂತು ಅಮೆರಿಕದ ಗೆಳೆಯನಿಗೆ ಫೋನ್ ಮಾಡುತ್ತಾನೆ. ದೂರದಲ್ಲಿ ಬೆಟ್ಟದೆತ್ತರದ ಅಲೆ.

ಅಷ್ಟು ಹೊತ್ತು ಶಿಳ್ಳೆ ಹೊಡೆಯುತ್ತಿದ್ದ ನಮ್ಮ ಗಾಂಧಿ ಕ್ಲಾಸು ಆ ಸೀನಿನಲ್ಲಿ ಗಪ್‌ಚಿಪ್. ಬೀಡಿ ಹಚ್ಚಿದವನೂ ಸೇದುವುದನ್ನು ಮರೆತಿದ್ದ. ಹಿಂದಿನಿಂದ ಯಾರೋ, ‘ನಮ್ಮೋನಿಗೇ ಸೀಟ್ ಕೊಡ್ಲಿಲ್ಲ ನೋಡ್ಲಾ’ ಅಂದದ್ದು ನನಗಿನ್ನೂ ಕಿವಿಯಲ್ಲಿದೆ.

ಪಂಡಿತರು ಹೇಳುತ್ತಾರೆ, ಜನಕ್ಕೆ ನಾಶ ನೋಡೋ ಚಪಲ, ಅದಕ್ಕೇ ಇಂಥ ಪಿಚ್ಚರ್ ಓಡುತ್ತೆ ಅಂತ. ನಾನು ಒಪ್ಪಲ್ಲ. ಕಟ್ಟಡ ಬೀಳೋದನ್ನು ಹತ್ತು ನಿಮಿಷ ನೋಡಬಹುದು, ಹನ್ನೊಂದನೇ ನಿಮಿಷಕ್ಕೆ ಆಕಳಿಕೆ ಬರುತ್ತೆ. ನಮ್ಮನ್ನು ಕೂರಿಸೋದು ಬೇರೆ. ಬಸ್ಸು ಒಂದೇ, ಜನ ಸಾವಿರ. ಯಾರಿಗೆ ಸೀಟು? ಯಾರು ತಳ್ಳಿ ಹತ್ತುತ್ತಾನೆ, ಯಾರು ಇಳಿದು ಜಾಗ ಬಿಡುತ್ತಾನೆ? ‘2012’ರಲ್ಲೇ ನೋಡಿ. ರಷ್ಯಾದ ಕೋಟ್ಯಧೀಶ ತನಗೆ, ತನ್ನ ಇಬ್ಬರು ಗಂಡುಮಕ್ಕಳಿಗೆ ಟಿಕೆಟ್ ಕೊಂಡಿದ್ದಾನೆ, ಜೊತೆಗಿದ್ದ ಗೆಳತಿಗೆ ಇಲ್ಲ. ಇನ್ನೊಂದು ಕಡೆ ಅದೇ ಹಡಗಿಗೆ ವೆಲ್ಡಿಂಗ್ ಮಾಡಿದ ಟಿಬೆಟಿನ ಕೂಲಿ ತೆನ್ಜಿನ್, ತನ್ನ ಮುದಿ ಅಜ್ಜಿಯನ್ನೂ ಕರೆದುಕೊಂಡು ಮೆಷಿನ್ನುಗಳ ಸಂದಿಯಿಂದ ಕಳ್ಳದಾರಿಯಲ್ಲಿ ಹತ್ತಿಸುತ್ತಾನೆ. ನನ್ನ ಪಾಲಿಗೆ ಹೀರೋ ಅವನೇ. ಹಡಗು ಕಟ್ಟಿದವನಿಗೆ ಹಿಂಬಾಗಿಲಾದರೂ ಗೊತ್ತಿರಬೇಕಲ್ಲ!

ಅರ್ವಿನ್ ಆಲನ್ ಎಂಬ ಪ್ರಳಯಾಂತಕ

ಈ ಆಟವನ್ನು ಹಾಲಿವುಡ್ಡಿಗೆ ಸರಿಯಾಗಿ ಕಲಿಸಿದವನು ಅರ್ವಿನ್ ಆಲನ್ ಎಂಬ ನಿರ್ಮಾಪಕ. ಬೆಂಗಳೂರಿನ ರೂಮಿನಲ್ಲಿ ನನ್ನ ಜೊತೆಗಿದ್ದ ಗೆಳೆಯ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್. ಅವನ ಹಾರ್ಡ್ ಡಿಸ್ಕಿನ ಪುಣ್ಯದಿಂದ ಆಲನ್ ಚಿತ್ರಗಳನ್ನೆಲ್ಲ ನೋಡಿದೆ. ರಾತ್ರಿ ನೋಡುವಾಗ ನಮ್ಮದೊಂದು ಬಾಜಿ. ಶುರುವಿನಲ್ಲೇ ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಅಂತ ಚೀಟಿ ಬರೆದಿಡೋದು. ಸೋತವನು ಬೆಳಿಗ್ಗೆ ಟೀ, ಬೋಂಡ ಕೊಡಿಸಬೇಕು.

‘ಪೊಸೈಡನ್ ಅಡ್ವೆಂಚರ್’ (1972) ದಿನ ಇಬ್ಬರೂ ಸೋತೆವು. ಹೊಸ ವರ್ಷದ ರಾತ್ರಿ, ಹಡಗಿನಲ್ಲಿ ಪಾರ್ಟಿ, ಒಂದು ದೊಡ್ಡ ಅಲೆ, ಹಡಗು ತಲೆಕೆಳಗು. ಚಾವಣಿ ನೆಲವಾಯಿತು, ನೆಲ ಚಾವಣಿಯಾಯಿತು. ಬದುಕಬೇಕಾದರೆ ಮೇಲೆ ಹತ್ತಬೇಕು, ಅಂದರೆ ಹಡಗಿನ ತಳದ ಕಡೆಗೆ. ಒಬ್ಬ ಪಾದ್ರಿ, ಜೀನ್ ಹ್ಯಾಕ್‌ಮನ್, ‘ಬನ್ನಿ’ ಅಂತ ಕರೆಯುತ್ತಾನೆ. ಹಡಗಿನ ಅಧಿಕಾರಿ ‘ಇಲ್ಲೇ ಇರಿ, ಸಹಾಯ ಬರುತ್ತೆ’ ಅನ್ನುತ್ತಾನೆ. ಯೂನಿಫಾರಂ ಹಾಕಿದವನ ಮಾತು ನಂಬಿ ಬಹುಪಾಲು ಜನ ಅಲ್ಲೇ ಉಳಿಯುತ್ತಾರೆ. ಕ್ರಿಸ್‌ಮಸ್ ಮರವನ್ನೇ ಏಣಿ ಮಾಡಿಕೊಂಡು ಹತ್ತಿದವರು ಬೆರಳೆಣಿಕೆಯಷ್ಟು. ಸ್ವಲ್ಪ ಹೊತ್ತಿಗೆ ನೀರು ನುಗ್ಗುತ್ತದೆ. ಕೊನೆಗೆ ಉಳಿಯೋದು 6 ಜನ. ಅವರಲ್ಲಿ ಹೀರೋ ಇಲ್ಲ! ನಮ್ಮಲ್ಲಿ ಹೀರೋ ಸತ್ತರೆ ಅಭಿಮಾನಿಗಳು ಕುರ್ಚಿ ಕೀಳುತ್ತಾರೆ. ಅಲ್ಲಿ ಹ್ಯಾಕ್‌ಮನ್‌ನಂಥ ನಟನನ್ನೂ ಮುಲಾಜಿಲ್ಲದೆ ಬಲಿ ಕೊಡುತ್ತಾರೆ. ಇನ್ನು ಮೇಲೆ ಯಾವನೂ ಸೇಫ್ ಅಲ್ಲ ಅನ್ನೋದು ತಲೆಗೆ ಬಂದಮೇಲೆ ಎದ್ದು ನೀರು ಕುಡಿಯೋಕೂ ಮನಸ್ಸಾಗಲ್ಲ.

ಆಮೇಲೆ ಬಂತು ನೋಡಿ ‘ಟವರಿಂಗ್ ಇನ್ಫರ್ನೊ’ (1974). ಇದರ ಹುಟ್ಟೇ ಒಂದು ಸಿನಿಮಾ. ಗಗನಚುಂಬಿ ಕಟ್ಟಡಕ್ಕೆ ಬೆಂಕಿ ಬೀಳುವ ಒಂದು ಕಾದಂಬರಿಯನ್ನು ವಾರ್ನರ್ ಸಂಸ್ಥೆ ಕೊಂಡಿತ್ತು. ಅದೇ ಥರದ ಇನ್ನೊಂದನ್ನು ಫಾಕ್ಸ್ ಸಂಸ್ಥೆ ಕೊಂಡಿತ್ತು. ಇಬ್ಬರೂ ಬೇರೆಬೇರೆ ತೆಗೆದು ಹಾಳಾಗೋದು ಬೇಡ ಅಂತ ಆಲನ್ ಎರಡೂ ಕಂಪನಿಗಳನ್ನು ಕೂರಿಸಿ ರಾಜಿ ಮಾಡಿಸಿದ. ಎರಡು ಕಾದಂಬರಿ, ಎರಡು ಕಂಪನಿ, ಒಂದು ಪಿಚ್ಚರ್!

ಹೀರೋಗಳೂ ಇಬ್ಬರು. ಕಟ್ಟಡದ ಆರ್ಕಿಟೆಕ್ಟ್ ಪಾಲ್ ನ್ಯೂಮನ್, ಅಗ್ನಿಶಾಮಕ ದಳದ ಮುಖ್ಯಸ್ಥ ಸ್ಟೀವ್ ಮೆಕ್ವೀನ್. ಪೋಸ್ಟರಿನಲ್ಲಿ ಯಾರ ಹೆಸರು ಮೊದಲು? ಕಟೌಟ್ ಒಂದಡಿ ಎತ್ತರ ತಗ್ಗಾದರೆ ಊರಿಗೆ ಊರೇ ಕಾದಾಡಿದ್ದನ್ನು ಕಂಡ ನಮಗೆ ಈ ಜಗಳ ಹೊಸದೇ? ಅವರು ಮಾಡಿದ ಉಪಾಯ ನೋಡಿ. ಮೆಕ್ವೀನ್ ಹೆಸರು ಎಡಕ್ಕೆ, ನ್ಯೂಮನ್ ಹೆಸರು ಬಲಕ್ಕೆ, ಆದರೆ ಸ್ವಲ್ಪ ಮೇಲೆ. ಎಡದಿಂದ ಓದಿದರೆ ಇವನು ಮೊದಲು, ಮೇಲಿಂದ ಓದಿದರೆ ಅವನು ಮೊದಲು. ಇಬ್ಬರಿಗೂ ಸಮಸಮ ಡೈಲಾಗ್ ಇರಬೇಕು ಅಂತ ಮೆಕ್ವೀನ್ ಪಟ್ಟು ಹಿಡಿದಿದ್ದನೆಂದೂ ಹೇಳುತ್ತಾರೆ. ನಮ್ಮ ಗಾಂಧಿನಗರದ ಪಬ್ಲಿಸಿಟಿಯವರು ಇದನ್ನು ಫ್ರೇಮು ಹಾಕಿಸಿ ಇಟ್ಟುಕೊಳ್ಳಬೇಕು.

ಕಥೆಗೆ ಬಂದರೆ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 138 ಅಂತಸ್ತಿನ ಹೊಸ ಕಟ್ಟಡ. 135ನೇ ಅಂತಸ್ತಿನಲ್ಲಿ ಉದ್ಘಾಟನೆಯ ಪಾರ್ಟಿ. ಬೆಂಕಿ ಬಿದ್ದಿದ್ದು ಯಾಕೆ? ಯಾವ ಉಲ್ಕೆಯೂ ಅಲ್ಲ, ದೇವರ ಕೋಪವೂ ಅಲ್ಲ. ಮಾಲೀಕನ ಅಳಿಯ ದುಡ್ಡು ಉಳಿಸಲು ಆರ್ಕಿಟೆಕ್ಟ್ ಹೇಳಿದ್ದ ವೈರ್ ಬಿಟ್ಟು ಅಗ್ಗದ ವೈರ್ ಹಾಕಿಸಿದ್ದ. ಅಷ್ಟೇ! ಮೇಲೆ ಸಿಕ್ಕಿಕೊಂಡವರನ್ನು ಪಕ್ಕದ ಕಟ್ಟಡಕ್ಕೆ ಹಗ್ಗ ಕಟ್ಟಿ, ಅದರಲ್ಲಿ ತೂಗುವ ಒಂದೇ ಒಂದು ಕುರ್ಚಿಯಲ್ಲಿ ದಾಟಿಸುತ್ತಾರೆ. ಹೆಂಗಸರು ಮೊದಲು, ಗಂಡಸರಿಗೆ ಚೀಟಿ ಎತ್ತಿ ಸರದಿ. ಸರದಿ ಮುರಿದು ಕುರ್ಚಿಗೆ ನುಗ್ಗುವವನು ಯಾರು ಗೊತ್ತಾ? ಅದೇ ಅಳಿಯ. ನುಗ್ಗಾಟದಲ್ಲಿ ಕೆಳಗೆ ಬೀಳುತ್ತಾನೆ. ರಾತ್ರಿ ಒಂದೂವರೆಯಲ್ಲಿ ನಾವಿಬ್ಬರೂ ಚಪ್ಪಾಳೆ ಹೊಡೆದು ಓನರ್ ಹತ್ತಿರ ಬೈಸಿಕೊಂಡೆವು. ಚಿತ್ರ 3 ಆಸ್ಕರ್ ಗೆದ್ದಿತು. ನನ್ನನ್ನು ಕೇಳಿದರೆ ಆ ಅಳಿಯ ಬಿದ್ದ ರೀತಿಗೇ ನಾಲ್ಕನೆಯದೂ ಕೊಡಬೇಕಿತ್ತು.

ಅದೇ ವರ್ಷದ ‘ಅರ್ತ್‌ಕ್ವೇಕ್’ ಬಗ್ಗೆ ಒಂದು ಮಾತು. ಭೂಕಂಪದ ಸೀನಿಗೆ ಸೀಟೇ ಅದುರಲಿ ಅಂತ ಥಿಯೇಟರಿನಲ್ಲಿ ದೈತ್ಯ ಸ್ಪೀಕರುಗಳನ್ನಿಟ್ಟು ‘ಸೆನ್ಸರೌಂಡ್’ ಅಂತ ಹೆಸರಿಟ್ಟರು. ಹಾಲಿವುಡ್ಡಿನ ಪ್ರಸಿದ್ಧ ಚೈನೀಸ್ ಥಿಯೇಟರಿನಲ್ಲಿ ಚಾವಣಿಯ ಗಾರೆ ಪ್ರೇಕ್ಷಕರ ತಲೆ ಮೇಲೆ ಬೀಳದಿರಲೆಂದು ಬಲೆ ಕಟ್ಟಬೇಕಾಯಿತಂತೆ! ಸೌಂಡಿಗೆ ಆಸ್ಕರೂ ಬಂತು. ಕಥೆ ಮಾತ್ರ ಸಪ್ಪೆ.

ಈ ಗಾಳಿ ಬೊಂಬಾಯಿಗೂ ಬೀಸಿತು. ಬಿ.ಆರ್. ಚೋಪ್ರಾ ನಿರ್ಮಿಸಿ ಮಗ ರವಿ ಚೋಪ್ರಾ ನಿರ್ದೇಶಿಸಿದ ‘ದಿ ಬರ್ನಿಂಗ್ ಟ್ರೈನ್’ (1980) ಬಂತು. ಧರ್ಮೇಂದ್ರ, ಜಿತೇಂದ್ರ, ವಿನೋದ್ ಖನ್ನಾ, ಹೇಮಾಮಾಲಿನಿ, ಅರ್ಧ ಬೊಂಬಾಯಿ ಆ ರೈಲಿನಲ್ಲಿತ್ತು. ಅಸೂಯೆಯಿಂದ ಬ್ರೇಕ್ ತೆಗೆದುಹಾಕೋ ಡ್ಯಾನಿಯ ಪಾತ್ರ ಇವತ್ತಿಗೂ ಮಜಾ ಕೊಡುತ್ತೆ. ಅಷ್ಟರಲ್ಲಿ ಹಾಲಿವುಡ್ಡಿನಲ್ಲಿ ಆಲನ್ ಸಾಹೇಬ ದಾರಿ ತಪ್ಪಿದ್ದ. ಜೇನುನೊಣಗಳಿಂದ ಪ್ರಳಯ ಅಂತ ‘ದಿ ಸ್ವಾರ್ಮ್’ (1978) ತೆಗೆದು ಕೈ ಸುಟ್ಟುಕೊಂಡ. 1980ರಲ್ಲಿ ‘ಏರ್‌ಪ್ಲೇನ್!’ ಎಂಬ ಹಾಸ್ಯಚಿತ್ರ ಈ ಜಾತಿಯ ಚಿತ್ರಗಳನ್ನೆಲ್ಲ ಸೇರಿಸಿ ಗೇಲಿ ಮಾಡಿತು. ಹದಿನೈದು ವರ್ಷ ಬಿಟ್ಟು ಕಂಪ್ಯೂಟರ್ ಗ್ರಾಫಿಕ್ಸ್ ಬಂದಮೇಲೆಯೇ ಎಮರಿಕ್‌ನಂಥವರು ಅಂಗಡಿ ಮತ್ತೆ ತೆರೆದದ್ದು. ‘ಟೈಟಾನಿಕ್’ (1997) ನಿಮಗೆ ಲವ್ ಸ್ಟೋರಿ ಇರಬಹುದು, ನನಗೆ ಅದೂ ಸೀಟಿನ ಕಥೆಯೇ. 1912ರಲ್ಲಿ ನಿಜವಾಗಿ ಮುಳುಗಿದ ಆ ಹಡಗಿನಲ್ಲಿ ಸುಮಾರು 2200 ಜನ. ಜೀವರಕ್ಷಕ ದೋಣಿ 20, ಅವುಗಳಲ್ಲಿ ಜಾಗ 1178 ಜನಕ್ಕೆ. ಲೆಕ್ಕ ಹೊರಡುವಾಗಲೇ ತಪ್ಪಿತ್ತು.

ಪರದೆಯ ಈಚೆ

ಇಲ್ಲಿ ಒಂದು ನಿಮಿಷ ತಮಾಷೆ ನಿಲ್ಲಿಸುತ್ತೇನೆ. 1997ರ ಜೂನ್ 13, ದೆಹಲಿಯ ಉಪಹಾರ್ ಥಿಯೇಟರು, ‘ಬಾರ್ಡರ್’ ಚಿತ್ರದ ಮ್ಯಾಟಿನಿ. ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ, ಹೊಗೆ ಬಾಲ್ಕನಿಗೆ ಏರಿತು. 59 ಜನ ಸತ್ತರು. ಬಾಲ್ಕನಿಯ ಒಂದು ಕಡೆಯ ದಾರಿಯನ್ನು ಮುಚ್ಚಿ ಹೆಚ್ಚಿಗೆ ಸೀಟು ಹಾಕಿದ್ದರೆಂಬುದು ಕೋರ್ಟಿನಲ್ಲಿ ಸಾಬೀತಾಯಿತು. ಸೀಟು! ‘2012’ ಬಿಡುಗಡೆಯಾದ ಮೂರೇ ತಿಂಗಳಿಗೆ, 2010ರ ಫೆಬ್ರವರಿ 23ರಂದು, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಹೋದರು. ಹೊಗೆ ತಾಳಲಾರದೆ ಮೇಲಿನಿಂದ ಜಿಗಿದವರೂ ಇದ್ದರು. ಇದನ್ನೆಲ್ಲ ತಿಳಿದ ಮೇಲೆ ‘ಟವರಿಂಗ್ ಇನ್ಫರ್ನೊ’ ಎರಡನೇ ಸಲ ನೋಡಿದರೆ ಅಳಿಯ ಬಿದ್ದಾಗ ಚಪ್ಪಾಳೆ ಬರಲ್ಲ. ಈಗ ಯಾವ ಟಾಕೀಸಿಗೆ ಹೋದರೂ ನಾನು ಮೊದಲು ‘ಹೊರಕ್ಕೆ’ ಅನ್ನೋ ಕೆಂಪು ದೀಪ ಎಲ್ಲಿದೆ ಅಂತ ನೋಡಿಕೊಂಡು ಕೂರುತ್ತೇನೆ. ಆ ಬಾಗಿಲಿಗೆ ಬೀಗ ಹಾಕಿದ್ದರೆ ಗೇಟ್ ಕೀಪರನ್ನು ಕೇಳುತ್ತೇನೆ. ನೀವೂ ಕೇಳಿ.

ನನ್ನ ಪಾಲಿನ ಪ್ರಳಯ ಬಂದದ್ದು 2020ರ ಮಾರ್ಚಿನಲ್ಲಿ. 14ನೇ ತಾರೀಖಿನಿಂದಲೇ ಥಿಯೇಟರುಗಳು ಬಂದ್. 22ರ ಭಾನುವಾರ ಜನತಾ ಕರ್ಫ್ಯೂ ಅಂತ ಘೋಷಣೆಯಾಯಿತು. 21ರ ಶನಿವಾರ ರಾತ್ರಿ ನಾನೂ ನನ್ನ ಆಪರೇಟರ್ ಗೆಳೆಯನೂ ಬ್ಯಾಗು ಹಿಡಿದು ಮೆಜೆಸ್ಟಿಕ್ಕಿಗೆ ಹೋದೆವು. ಜನವೋ ಜನ. ಎಲ್ಲರ ಬಾಯಿಗೂ ಕರ್ಚೀಫು. ನಾನು ಅದನ್ನೇ ಬಿಚ್ಚಿ ಕಿಟಕಿಯೊಳಗೆ ಎಸೆದೆ. ಎರಡು ಸೀಟು ಸಿಕ್ಕಿತು! ಇಬ್ಬರೂ ಗೆದ್ದವರ ಹಾಗೆ ಕೂತೆವು.

ಬಸ್ಸು ಹೊರಡುವ ಹೊತ್ತಿಗೆ ಒಬ್ಬ ಅಕ್ಕ ಕೈಗೂಸು ಎತ್ತಿಕೊಂಡು ಹತ್ತಿದರು. ನಿಲ್ಲಲೂ ಜಾಗವಿಲ್ಲ, ಕಂಡಕ್ಟರು ಇನ್ನು ಆಗಲ್ಲ, ಇಳೀರಿ ಅಂತ ಕೂಗುತ್ತಿದ್ದಾರೆ. ನಾನು ಕಿಟಕಿಯಾಚೆ ನೋಡಿದೆ. ಸುಳ್ಳು ಯಾಕೆ ಹೇಳಲಿ, ಬೇಕೆಂದೇ ನೋಡಿದೆ. ಗೆಳೆಯ ಎದ್ದ. ‘ಕೂತ್ಕೊಳ್ಳಕ್ಕಾ’ ಅಂದ. ನನ್ನ ಕಡೆ ತಿರುಗಿ, ‘ನೀನು ಹೋಗಿರು ಮಗಾ, ನಾನು ನಾಡಿದ್ದು ಬರ್ತೀನಿ’ ಅಂತ ಇಳಿದೇ ಬಿಟ್ಟ. ನಾಡಿದ್ದು ಬರಲಿಲ್ಲ. ಲಾಕ್‌ಡೌನ್ ಬಿತ್ತು, ನಮ್ಮ ರಾಜ್ಯದಲ್ಲಿ ಬಸ್ಸು ಮತ್ತೆ ಹೊರಟಿದ್ದು ಮೇ 19ಕ್ಕೆ. ಅಲ್ಲಿಯವರೆಗೆ ಅವನು ಬೀಗ ಹಾಕಿದ ಆ ಟಾಕೀಸಿನಲ್ಲೇ, ವಾಚ್‌ಮನ್ ಜೊತೆ ಅನ್ನ ಬೇಯಿಸಿಕೊಂಡು, ಬಾಲ್ಕನಿ ಮೆಟ್ಟಿಲಿನ ಕೆಳಗೆ ಮಲಗಿದ್ದ. ನಾನು ಊರಿನಲ್ಲಿ ಅಜ್ಜಿಯ ಕೈ ಊಟ ಮಾಡಿಕೊಂಡು ಮೊಬೈಲಿನಲ್ಲಿ ‘ಕಂಟೇಜಿಯನ್’ (2011) ನೋಡುತ್ತಿದ್ದೆ. ಸೋಂಕು ಹರಡುವ ಕಥೆ, ಜಗತ್ತೇ ಆಗ ಅದನ್ನು ಹುಡುಕಿ ನೋಡುತ್ತಿತ್ತು. ಅದರಲ್ಲೂ ಲಸಿಕೆ ಯಾರಿಗೆ ಮೊದಲು ಅಂತ ಹುಟ್ಟಿದ ತಾರೀಖು ಚೀಟಿ ಎತ್ತುತ್ತಾರೆ. ಅರ್ಧಕ್ಕೇ ಆಫ್ ಮಾಡಿದೆ.

ಅಕ್ಟೋಬರ್ 15ಕ್ಕೆ ಥಿಯೇಟರು ತೆರೆಯಲು ಅಪ್ಪಣೆಯಾಯಿತು, ಅರ್ಧದಷ್ಟೇ ಸೀಟು ತುಂಬಬೇಕೆಂಬ ಷರತ್ತಿನ ಮೇಲೆ. ಗೆಳೆಯ ಫೋನ್ ಮಾಡಿ ಕರೆದ. ಹೋದೆ. ಯಾವುದೋ ಹಳೇ ಪಿಚ್ಚರ್ ಮತ್ತೆ ಹಾಕಿದ್ದರು, ಒಳಗೆ ಇಪ್ಪತ್ತು ಜನ ಇರಲಿಲ್ಲ. ಒಂದು ಬಿಟ್ಟು ಒಂದು ಸೀಟಿಗೆ ಕೆಂಪು ಟೇಪಿನಲ್ಲಿ ಇಂಟು ಮಾರ್ಕು. ಅಷ್ಟನ್ನೂ ಅವನೇ ಅಂಟಿಸಿದ್ದನಂತೆ. ಇಂಟರ್‌ವಲ್‌ನಲ್ಲಿ ಕೆಳಗಿಳಿದು ಬಂದು ನನ್ನ ಪಕ್ಕ ಕೂರಲು ಹೋದವನು ಟೇಪು ನೋಡಿ ಒಂದು ಸೀಟು ಬಿಟ್ಟು ಕೂತ. ಏಳು ತಿಂಗಳಿಂದ ಅವನಿಗೆ ಹೇಳಬೇಕೆಂದು ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ.

ಅವನೇ ಕೇಳಿದ, ‘ಆವತ್ತು ಆ ಕೂಸು ದಾರೀಲಿ ಅಳ್ತೇನೋ?’

‘ಇಲ್ಲ ಕಣೋ. ಕಿಟಕಿ ಗಾಳಿಗೆ ನಿದ್ದೆ ಮಾಡ್ಬಿಡ್ತು’ ಅಂದೆ.

ಬೆಲ್ಲು ಹೊಡೆಯಿತು. ಅವನು ಎದ್ದು ಪ್ರೊಜೆಕ್ಟರ್ ರೂಮಿನ ಕಡೆ ಓಡಿದ.